ಗಾಣದ ಎಣ್ಣೆ ಅಂಗಡಿಗೆ ಆನ್‌ಲೈನ್ ಜಾಹೀರಾತು: ಇರೋ 15 ಸಾವಿರ ಎಲ್ಲಿ ಹಾಕ್ಲಿ?

ಗಾಣದಮನೆ_ದಾವಣಗೆರೆ

ಎಲ್ಲರಿಗೂ ನಮಸ್ಕಾರ. ದಾವಣಗೆರೆ ಹದಡಿ ರಸ್ತೆ ಕಡೆ ನಮ್ಮದೊಂದು ಮರದ ಗಾಣ ಇದೆ. ಶುರು ಮಾಡಿ ಒಂದೂವರೆ ವರ್ಷ. ಶೇಂಗಾ, ಕುಸುಬೆ, ಕೊಬ್ಬರಿ, ಎಳ್ಳು ಆಡಿಸ್ತೀವಿ. ನಾನು, ನನ್ನ ಹೆಂಡತಿ, ಜೊತೆಗೆ ಒಬ್ಬ ಹುಡುಗ. ಬಂದವರ ಕಣ್ಣೆದುರಿಗೇ ಗಾಣ ತಿರುಗುತ್ತೆ, ಒಂದು ಸಲ ಒಯ್ದವರು ಹೆಚ್ಚಾಗಿ ತಿರುಗಿ ಬರ್ತಾರೆ. ತೊಂದರೆ ಏನಂದ್ರೆ ಹೊಸಬರು ಬರೋದೇ ಕಡಿಮೆ.

ಹೋದ ತಿಂಗಳು ಒಂದು ಸೋಷಿಯಲ್ ಮೀಡಿಯಾ ಆ್ಯಪ್‌ನಲ್ಲಿ ಗಾಣ ತಿರುಗೋ ವಿಡಿಯೋ ಹಾಕಿ 'ಬೂಸ್ಟ್' (ದುಡ್ಡು ಕೊಟ್ಟು ಜಾಸ್ತಿ ಜನರಿಗೆ ತೋರಿಸೋದು) ಒತ್ತಿದೆ. ಒಟ್ಟು 6,000 ಖರ್ಚು. 41 ಸಾವಿರ ಜನ ನೋಡಿದ್ರು, ಒಂಬೈನೂರು ಚಿಲ್ಲರೆ ಲೈಕ್ ಬಂತು, ಅರವತ್ತು ಮೆಸೇಜ್. ಮೆಸೇಜ್ ಬಂದಿದ್ದು ಎಲ್ಲಿಂದ? ಬೀದರ್, ಕೊಲ್ಹಾಪುರ, ಒಬ್ಬರು ಪಾಟ್ನಾದಿಂದ. ಕೊನೆಗೆ ಅಂಗಡಿಗೆ ಬಂದದ್ದು ನಾಲ್ಕು ಮನೆಯವರು. ತಪ್ಪು ನಂದೇ ಇರಬಹುದು, ಯಾವ ಬಟನ್ ಏನಂತ ಗೊತ್ತಿಲ್ಲದೆ ಒತ್ತಿದೆ.

ಈಗ ಕೈಯಲ್ಲಿ 15 ಸಾವಿರ ಇದೆ, ಮೂರು ತಿಂಗಳಿಗೆ. ಒಂದು ಡೈರೆಕ್ಟರಿ (ಅಂಗಡಿಗಳ ನಂಬರ್ ಪಟ್ಟಿ ಮಾಡೋ) ಕಂಪನಿಯವರು ವರ್ಷಕ್ಕೆ 25 ಸಾವಿರ ಕೇಳ್ತಿದಾರೆ, ದಿನಾ ಫೋನ್. ಊರಿನ ಯೂಟ್ಯೂಬ್ ಹುಡುಗನೊಬ್ಬ 8 ಸಾವಿರಕ್ಕೆ ವಿಡಿಯೋ ಮಾಡ್ತೀನಿ ಅಂತಾನೆ. ಗೂಗಲ್‌ನಲ್ಲಿ ಹಾಕು ಅಂತ ಭಾವ ಹೇಳ್ತಾನೆ. ಅನುಭವ ಇದ್ದವರು ಹೇಳ್ರಪ್ಪ, ಎಲ್ಲಿ ಹಾಕ್ಲಿ?

ಹುಬ್ಳಿ_ಸಾವ್ಕಾರ

ಆರು ಸಾವಿರ ಕೊಟ್ಟು ಒಂಬೈನೂರು ಲೈಕ್ ತಗೊಂಡ್ರಿ. ಲೈಕ್ ಹಿಂಡಿದ್ರ ಎಣ್ಣಿ ಬರಂಗಿಲ್ರಿ ಅಣ್ಣಾರ 😄

ತೋಟದಪುಟ್ಟಿ

ಯಾವ ಆ್ಯಪ್ ಅಂತ ಹೇಳಬೇಕಾಗಿಯೇ ಇಲ್ಲ, ಇಲ್ಲಿ ಅರ್ಧ ಜನ ಅದೇ ಬಟನ್ ಒತ್ತಿ ಕೈ ಸುಟ್ಟುಕೊಂಡವರೇ.

ಲೆಕ್ಕದ_ಮೇಷ್ಟ್ರು

ಎಲ್ಲಿ ಹಾಕಬೇಕು ಅನ್ನೋದು ಆಮೇಲೆ. ಮೊದಲು ಮೂರು ಪ್ರಶ್ನೆಗೆ ಉತ್ತರ ಕೊಡಿ.

ಒಂದು ಲೀಟರ್ ಶೇಂಗಾ ಎಣ್ಣೆಗೆ ಎಲ್ಲ ಕಳೆದು ಎಷ್ಟು ಉಳಿಯುತ್ತೆ? ಒಂದು ಮನೆಯವರು ತಿಂಗಳಿಗೆ ಎಷ್ಟು ಒಯ್ಯುತ್ತಾರೆ? ಅಂಗಡಿಗೆ ಬರುವವರು ಎಷ್ಟು ದೂರದಿಂದ ಬರುತ್ತಾರೆ?

ಗಾಣದಮನೆ_ದಾವಣಗೆರೆ

@ಲೆಕ್ಕದ_ಮೇಷ್ಟ್ರು ಒಂದು ಲೀಟರ್ ಎಣ್ಣೆಗೆ ಹತ್ತಿರತ್ತಿರ ಎರಡೂವರೆ ಕೆಜಿ ಬೀಜ ಬೇಕು ಸರ್. 360ಕ್ಕೆ ಮಾರ್ತೀನಿ. ಹಿಂಡಿ ಮಾರಿದ ದುಡ್ಡು ಸೇರಿಸಿ, ಕರೆಂಟು ಬಾಡಿಗೆ ಕಳೆದು 55 ಉಳಿದ್ರೆ ಪುಣ್ಯ. ನಾಲ್ಕು ಜನರ ಮನೆಗೆ ತಿಂಗಳಿಗೆ ಮೂರು ಲೀಟರ್ ಬೇಕಾಗುತ್ತೆ. ಬರೋರು ವಿದ್ಯಾನಗರ, ನಿಟ್ಟುವಳ್ಳಿ, ಶಾಮನೂರು ರಸ್ತೆ ಕಡೆಯವರು. ಐದಾರು ಕಿಲೋಮೀಟರ್ ಒಳಗೆ ಅಷ್ಟೆ.

ಲೆಕ್ಕದ_ಮೇಷ್ಟ್ರು

ಹಾಗಾದರೆ ಲೆಕ್ಕ ನೋಡಿ. ಮೂರು ಲೀಟರ್ × 55 = ತಿಂಗಳಿಗೆ 165. ಒಂದು ಮನೆ ವರ್ಷಪೂರ್ತಿ ನಿಮ್ಮಲ್ಲೇ ನಿಂತರೆ 1,980. ಹೊಸಬರಲ್ಲಿ ಅರ್ಧ ಜನ ನಿಲ್ಲುತ್ತಾರೆ ಅಂದುಕೊಂಡರೂ ಒಬ್ಬ ಹೊಸ ಗಿರಾಕಿಯ ಬೆಲೆ ಸುಮಾರು ಸಾವಿರ ರೂಪಾಯಿ. ಅವರನ್ನು ಕರೆತರಲು 250-300ರ ತನಕ ಖರ್ಚು ಮಾಡಬಹುದು, ಅದರ ಮೇಲೆ ಬೇಡ. ನೀವು ಹೋದ ತಿಂಗಳು ಮನೆಗೆ 1,500 ಕೊಟ್ಟಿದ್ದೀರಿ.

ಮೊದಲ ಲೀಟರಿನ ಲಾಭ 55 ಮಾತ್ರ ಅನ್ನೋದನ್ನೂ ಮರೆಯಬೇಡಿ. ಮಿಕ್ಕಿದ್ದು ಬರೋದಕ್ಕೆ ತಿಂಗಳುಗಳು ಬೇಕು, ಅಲ್ಲಿಯವರೆಗೆ ಶೇಂಗಾ ಖರೀದಿಗೆ ನಗದು ಇರಬೇಕು. 25 ಸಾವಿರದ ಡೈರೆಕ್ಟರಿಯವರಿಗೆ ಇದೇ ಲೆಕ್ಕ ಹಾಕಿ: ಅವರು ವರ್ಷಕ್ಕೆ 85-100 ಹೊಸ ಮನೆ ತಂದುಕೊಡಬೇಕು. ಬರೆದುಕೊಡ್ತಾರಾ ಕೇಳಿ.

ಬ್ಯಾಟರಿಅಂಗಡಿ_ಶಿವಮೊಗ್ಗ

ಬರೆದುಕೊಡಲ್ಲ. ನಾನು ಎರಡು ವರ್ಷ ಇಂಥದ್ದೇ ಒಂದು ಕಡೆ ದುಡ್ಡು ಕಟ್ಟಿದ್ದೆ (ಹೆಸರು ಬೇಡ). ಒಂದು ವಿಚಾರಣೆ ಬಂದರೆ ಅದೇ ನಂಬರ್ ಊರಿನ ಐದು ಅಂಗಡಿಗೂ ಹೋಗ್ತಿತ್ತು. ನಾನು ಫೋನ್ ಮಾಡೋ ಹೊತ್ತಿಗೆ ಆ ಮನುಷ್ಯ 'ಎಷ್ಟ್ ಸಲ ಹೇಳ್ಬೇಕ್ರೀ ನಿಮಗೆಲ್ಲ' ಅಂತ ಬೈದು ಇಡ್ತಿದ್ದ.

ಬಿಟ್ಟಿಯಾಗಿ ಸಿಗೋದನ್ನ ಮೊದಲು ಸರಿಯಾಗಿ ಮಾಡ್ಕೊಳ್ಳಿ: ಗೂಗಲ್ ಮ್ಯಾಪ್‌ನಲ್ಲಿ ನಿಮ್ಮ ಅಂಗಡಿ ಇದೆಯಾ?

ಗಾಣದಮನೆ_ದಾವಣಗೆರೆ

ಇದೆ ಸರ್. ಯಾರೋ ಗಿರಾಕಿ ಸೇರಿಸಿದ್ದು ಅನ್ಸುತ್ತೆ. ನಾನು ಒಳಗೆ ಹೋಗಿ ನೋಡೇ ಇಲ್ಲ.

ಬ್ಯಾಟರಿಅಂಗಡಿ_ಶಿವಮೊಗ್ಗ

ಅದೇ ನೋಡಿ! ಈಗಲೇ ತೆಗೆದು 'ಈ ವ್ಯವಹಾರ ನಿಮ್ಮದೇ?' ಅನ್ನೋದನ್ನ ಒತ್ತಿ ನಿಮ್ಮ ಹೆಸರಿಗೆ ಮಾಡ್ಕೊಳ್ಳಿ. ಮೊದಲು ಗೂಗಲ್ ಮೈ ಬಿಸಿನೆಸ್ ಅಂತಿತ್ತು, 2021ರಿಂದ ಗೂಗಲ್ ಬಿಸಿನೆಸ್ ಪ್ರೊಫೈಲ್ ಅಂತಾರೆ. ಪೂರ್ತಿ ಉಚಿತ. ಪರಿಶೀಲನೆಗೆ ಬಹಳ ಸಲ ವಿಡಿಯೋ ಕೇಳ್ತಾರೆ: ರಸ್ತೆಯಿಂದ ಶುರು ಮಾಡಿ, ಅಕ್ಕಪಕ್ಕದ ಅಂಗಡಿ ಕಾಣ್ಲಿ, ನಿಮ್ಮ ಬೋರ್ಡ್ ಕಾಣ್ಲಿ, ಬೀಗ ನೀವೇ ತೆಗೆದು ಒಳಗೆ ಹೋಗಿ ಗಾಣ ತೋರಿಸಿ. ಎಲ್ಲೂ ಕಟ್ ಮಾಡ್ಬೇಡಿ.

ಹೆಸರು ಬೋರ್ಡ್ ಮೇಲೆ ಹೇಗಿದೆಯೋ ಹಾಗೇ ಇರಲಿ. ಕೆಲವರು 'ದಾವಣಗೆರೆಯ ನಂಬರ್ ಒನ್ ಶುದ್ಧ ಗಾಣದ ಎಣ್ಣೆ ಕೇಂದ್ರ' ಅಂತ ರೈಲುಬಂಡಿ ಉದ್ದ ತುರುಕ್ತಾರೆ, ಅದಕ್ಕೇ ಪ್ರೊಫೈಲ್ ತೆಗೆದುಹಾಕಿದ್ದೂ ಉಂಟು. ಸಮಯ ಸರಿಯಾಗಿ ಹಾಕಿ. ನೀವು ಮಧ್ಯಾಹ್ನ ಎರಡರಿಂದ ನಾಲ್ಕು ಬಾಗಿಲು ಹಾಕೋದಾದ್ರೆ ಅದನ್ನೂ ಬರೀರಿ. ಬಿಸಿಲಲ್ಲಿ ಬಂದು ಬೀಗ ನೋಡಿದವನು ಒಂದೇ ನಕ್ಷತ್ರ ಕೊಟ್ಟು ಹೋಗ್ತಾನೆ. ನಂಗೆ ಹಂಗೇ ಬಂದಿದ್ದು ಇವತ್ತಿಗೂ ಇದೆ.

ರಿವ್ಯೂ ಕೇಳಿ, ಆದರೆ ರಿವ್ಯೂ ಬರೆದ್ರೆ 20 ರೂಪಾಯಿ ಕಡಿಮೆ ಅಂತ ಆಸೆ ತೋರಿಸ್ಬೇಡಿ, ಅದು ಅವರ ನಿಯಮಕ್ಕೆ ವಿರುದ್ಧ. ಬಾಟಲಿ ತುಂಬೋ ಐದು ನಿಮಿಷ ಗಿರಾಕಿ ಸುಮ್ನೆ ನಿಂತಿರ್ತಾರಲ್ಲ, ಕ್ಯೂಆರ್ ಅಲ್ಲೇ ಅಂಟಿಸಿ.

ಸುಮಾ_ಬಂಟ್ವಾಳ

ಎಲ್ಲರೂ ಮ್ಯಾಪ್ ಮ್ಯಾಪ್ ಅಂತ ಹೇಳುವುದು ಎಂತ? ನಾನು ಮನೆಯಲ್ಲೇ ಹಲಸಿನ ಹಪ್ಪಳ, ಹಲಸಿನ ಬೀಜದ ಸಾಂತಾಣಿ, ಮಾವಿನ ಮಾಂಬಳ ಮಾಡಿ ಮಾರುವುದು. ನನಗೆ ಅಂಗಡಿಯೇ ಇಲ್ಲ, ಬೋರ್ಡೂ ಇಲ್ಲ. ನನ್ನ ಗಿರಾಕಿಗಳೆಲ್ಲ ಇನ್‌ಸ್ಟಾಗ್ರಾಂನಿಂದಲೇ ಬಂದದ್ದು ಮಾರಾಯ್ರೆ. ಬೆಂಗಳೂರಿನಲ್ಲಿ ಇರುವ ನಮ್ಮ ಊರಿನವರು ಹಪ್ಪಳ ಒಣಗಿಸುವ ರೀಲ್ ನೋಡಿ 'ಅಜ್ಜಿ ಮನೆ ನೆನಪಾಯಿತು' ಅಂತ ಬರೆದು ಅಲ್ಲೇ ಆರ್ಡರ್ ಮಾಡ್ತಾರೆ. ಇನ್‌ಸ್ಟಾ ದುಡ್ಡು ದಂಡ ಅಂತ ಒಟ್ಟಾರೆ ಹೇಳಬೇಡಿ.

ಬ್ಯಾಟರಿಅಂಗಡಿ_ಶಿವಮೊಗ್ಗ

ಅಕ್ಕ, ನಾನು ದಂಡ ಅಂದಿಲ್ಲ. ನಿಮ್ಮ ಹಪ್ಪಳ ಹಗುರ, ಪಾರ್ಸಲ್‌ಗೆ ಸುಲಭ. ಇವರದ್ದು ಎಣ್ಣೆ. ಒಂದು ಲೀಟರ್ ಬೆಂಗಳೂರಿಗೆ ಕಳಿಸಿದ್ರೆ ಕೊರಿಯರ್‌ಗೇ ಲಾಭ ಹೋಯ್ತು. ಸೋರಿದ್ರೆ ಪಕ್ಕದವರ ಸೀರೆ ಪಾರ್ಸಲ್ಲೂ ಹೋಯ್ತು.

ಸುಮಾ_ಬಂಟ್ವಾಳ

ಅದು ಹೌದು. ನಾನೂ ಒಮ್ಮೆ ಮಾವಿನಮಿಡಿ ಉಪ್ಪಿನಕಾಯಿ ಕಳಿಸಿ ಆ ಪಾಡು ಪಟ್ಟದ್ದುಂಟು. ಆದರೂ ಐದು ಲೀಟರ್ ಕ್ಯಾನ್ ಆದರೆ ಕೆಎಸ್‌ಆರ್‌ಟಿಸಿಯ ನಮ್ಮ ಕಾರ್ಗೋದಲ್ಲಿ ಹಾಕಬಹುದಲ್ವಾ? ಬಸ್‌ಸ್ಟ್ಯಾಂಡಿನಿಂದ ಅವರೇ ತೆಗೆದುಕೊಳ್ಳಲಿ.

ಜಾಹೀರಾತು_ಜೀತಗಾರ

ನಾನು ಬೆಂಗಳೂರಿನಲ್ಲಿ ಒಂದು ಏಜೆನ್ಸಿಯಲ್ಲಿ ಇದೇ ಕೆಲಸ ಮಾಡ್ತೀನಿ, ಹನ್ನೊಂದು ವರ್ಷ ಆಯ್ತು. ಸುಮಾ ಅವರದ್ದೂ ಸರಿ, ಶಿವಮೊಗ್ಗದ ಅಣ್ಣಂದೂ ಸರಿ. ವ್ಯತ್ಯಾಸ ಇಷ್ಟೆ: ಹಲಸಿನ ಹಪ್ಪಳ ಬೇಕು ಅಂತ ಬೆಳಿಗ್ಗೆ ಎದ್ದು ಯಾರೂ ಹುಡುಕಲ್ಲ, ಕಣ್ಣಿಗೆ ಬಿದ್ದಾಗ ಬಾಯಲ್ಲಿ ನೀರು ಬರುತ್ತೆ. ಅದಕ್ಕೆ ರೀಲ್ ಸರಿ. ರಿಫೈನ್ಡ್ ಎಣ್ಣೆ ಬಿಡೋಣ ಅಂತ ಮನಸ್ಸು ಮಾಡಿದವರು 'ಹತ್ತಿರ ಗಾಣದ ಎಣ್ಣೆ ಎಲ್ಲಿ ಸಿಗುತ್ತೆ' ಅಂತ ತಾವಾಗೇ ಹುಡುಕ್ತಾರೆ. ಹುಡುಕ್ತಾ ಇರೋರ ಎದುರು ನಿಂತ್ಕೊಳ್ಳೋದು ಅಗ್ಗ, ಸುಮ್ನೆ ಹೋಗ್ತಾ ಇರೋರನ್ನ ಕರೆಯೋದು ದುಬಾರಿ.

ನಿಮ್ಮ ಬೂಸ್ಟ್ ಬಗ್ಗೆ: ಎಂಗೇಜ್‌ಮೆಂಟ್ (ಲೈಕ್, ಕಾಮೆಂಟ್) ಕೇಳಿದ್ರಿ, ಅದು ಲೈಕ್ ಒತ್ತೋ ಜನರನ್ನೇ ಹುಡುಕಿ ಕೊಟ್ಟಿದೆ. ಅದರ ಕೆಲಸ ಅದು ಸರಿಯಾಗೇ ಮಾಡಿದೆ. ಮುಂದೆ ಮಾಡೋದಾದ್ರೆ ಬೂಸ್ಟ್ ಬಟನ್ ಬಿಟ್ಟು ಮೆಟಾದ (ಫೇಸ್‌ಬುಕ್, ಇನ್‌ಸ್ಟಾಗ್ರಾಂ ಕಂಪನಿ) ಆ್ಯಡ್ಸ್ ಮ್ಯಾನೇಜರ್‌ಗೆ ಹೋಗಿ, ಅಂಗಡಿ ಮೇಲೆ ಪಿನ್ ಇಟ್ಟು ಸುತ್ತ ಎಷ್ಟು ಕಿಲೋಮೀಟರ್ ಅಂತ ಕೊಡಿ, ವಾಟ್ಸಾಪ್‌ಗೆ ಬರೋ ಜಾಹೀರಾತು ಆರಿಸಿ. ಐಫೋನ್ ಆ್ಯಪ್ ಒಳಗಿಂದ ಬೂಸ್ಟ್ ಮಾಡಿದ್ರೆ ಆ್ಯಪಲ್‌ನ 30% ಬೇರೆ ಸೇರುತ್ತೆ, ಬ್ರೌಸರ್‌ನಿಂದ ಮಾಡಿದ್ರೆ ಸೇರಲ್ಲ.

ಗೂಗಲ್ ಸರ್ಚ್‌ನಲ್ಲಿ ಹಾಕೋದಾದ್ರೆ ಜನ ಎಡವೋದು ನಾಲ್ಕು ಕಡೆ.

ಊರು ಆರಿಸೋ ಕಡೆ ಮೊದಲೇ ಟಿಕ್ ಆಗಿರೋದು 'ಆ ಜಾಗದಲ್ಲಿ ಇರೋರು ಅಥವಾ ಆ ಜಾಗದ ಬಗ್ಗೆ ಆಸಕ್ತಿ ಇರೋರು' ಅಂತ. ದಾವಣಗೆರೆ ಬೆಣ್ಣೆ ದೋಸೆ ಅಂತ ಹುಡುಕಿದ ಚೆನ್ನೈನವನಿಗೂ ನಿಮ್ಮ ಎಣ್ಣೆ ತೋರಿಸಬಹುದು. ಇರೋರು ಮಾತ್ರ ಅಂತ ಬದಲಾಯಿಸಿ, ಅಂಗಡಿ ಸುತ್ತ ಆರು ಕಿಲೋಮೀಟರ್ ಸಾಕು.

ಡಿಸ್‌ಪ್ಲೇ ನೆಟ್‌ವರ್ಕ್ (ಗೂಗಲ್ ಸರ್ಚ್ ಹೊರಗಿನ ತಾಣ, ಆ್ಯಪ್‌ಗಳಲ್ಲೂ ತೋರಿಸೋದು) ಟಿಕ್ ತೆಗೀರಿ. ಇಲ್ಲಾಂದ್ರೆ ಮಕ್ಕಳು ಗೇಮ್ ಆಡೋವಾಗ ಬೆರಳು ತಾಗಿದ್ದೂ ಕ್ಲಿಕ್ಕೇ.

ಪದಗಳನ್ನ ಸುಮ್ನೆ ಬರೆದ್ರೆ 'ಬ್ರಾಡ್ ಮ್ಯಾಚ್' ಆಗುತ್ತೆ, ಹತ್ತಿರದ್ದು ದೂರದ್ದು ಎಲ್ಲಾ ಎಳ್ಕೊಂಡು ಬರುತ್ತೆ. ಉದ್ಧರಣ ಚಿಹ್ನೆ ಒಳಗೆ ಹಾಕಿ. ಬೇಡದ ಪದಗಳ ಪಟ್ಟಿ ಬೇರೆ ಕೊಡಿ: ಮಷೀನ್, ಬೆಲೆ ಪಟ್ಟಿ, ಸಬ್ಸಿಡಿ, ತರಬೇತಿ, ಕೆಲಸ. 'ಗಾಣ' ಅಂತ ಹುಡುಕೋರಲ್ಲಿ ಎಣ್ಣೆ ಬೇಕಾದವರಿಗಿಂತ ಗಾಣದ ಮಷೀನ್ ಹಾಕ್ಬೇಕು ಅನ್ನೋರು ಕಡಿಮೆ ಏನಿಲ್ಲ.

ಇನ್ನು ನಮ್ಮ ಜನ ಕನ್ನಡವನ್ನ ಇಂಗ್ಲಿಷ್ ಅಕ್ಷರದಲ್ಲಿ ಬರೀತಾರೆ, ಅದೂ ಒಬ್ಬೊಬ್ಬರು ಒಂದೊಂದು ಥರ. 'ಎಣ್ಣೆ'ಗೆ ಒಂದೇ ಎನ್ ಹಾಕೋರು, ಎರಡು ಹಾಕೋರು, ವೈ ಸೇರಿಸಿ 'ಯೆಣ್ಣೆ' ಮಾಡೋರು. ಎಲ್ಲ ಕಾಗುಣಿತವೂ ಹಾಕಿ.

ಹುಬ್ಳಿ_ಸಾವ್ಕಾರ

ನಾವು 'ಎಣ್ಣಿ' ಅಂತೀವ್ರಿ. ಅದನ್ನೂ ಹಾಕ್ರಿ. ಆದ್ರ ಸಂಜಿಮುಂದ ಎಣ್ಣಿ ಅಂತ ಹುಡುಕೋರು ಬ್ಯಾರೇನ ಇರ್ತಾರ 🍻

ಜಾಹೀರಾತು_ಜೀತಗಾರ

ನಗಬೇಡಿ, ನಿಜವಾದ ಸಮಸ್ಯೆ ಅದು. 'ಬಾರ್', 'ವೈನ್' ಅನ್ನೋ ಪದಾನೂ ಬೇಡದ ಪಟ್ಟಿಗೆ ಹಾಕಿ.

ಮಂಡ್ಯದ್_ಗಂಡು

ಬಜೆಟ್ ದಿನಕ್ಕೆ 100 ಅಂತ ಹಾಕಿದ್ರೆ ಒಂದೊಂದಿನ 190 ಕಟ್ ಆಗುತ್ತೆ ಕಣ್ರೀ, ಮೋಸ ಅದು.

ಜಾಹೀರಾತು_ಜೀತಗಾರ

@ಮಂಡ್ಯದ್_ಗಂಡು ಮೋಸ ಅಲ್ಲ, ಅವರ ನಿಯಮವೇ ಹಾಗಿದೆ. ಒಂದು ದಿನ ಎರಡರಷ್ಟು ತನಕ ಹೋಗಬಹುದು, ಆದರೆ ತಿಂಗಳ ಮೊತ್ತ ದಿನದ ಬಜೆಟ್‌ನ 30.4 ಪಟ್ಟು ದಾಟಲ್ಲ. 100 ಇಟ್ಟರೆ ತಿಂಗಳಿಗೆ 3,040. ಸೋಮವಾರ ಜಾಸ್ತಿ ಹೋದ್ರೆ ಬುಧವಾರ ಕಡಿಮೆ ಆಗಿರುತ್ತೆ.

ಮಂಡ್ಯದ್_ಗಂಡು

ಅದ್ಸರಿ, 1,000 ಯುಪಿಐ ಮಾಡಿದ್ರೆ ಖಾತೆಗೆ 847 ಬಂತಲ್ಲ, ಅದೆಂಥ ನಿಯಮ?

ಲೆಕ್ಕದ_ಮೇಷ್ಟ್ರು

ಅದು 18% ಜಿಎಸ್‌ಟಿ. 1,000 ಭಾಗಿಸು 1.18, ಉತ್ತರ 847.46. ಮುಂಗಡ ಕಟ್ಟುವವರಿಗೆ ತೆರಿಗೆ ಮೊದಲೇ ಕಳೆದು ಉಳಿದದ್ದು ಜಾಹೀರಾತಿಗೆ. ಜಿಎಸ್‌ಟಿ ನೋಂದಣಿ ಇದ್ದವರು ಅದನ್ನು ಹಿಂದೆ ಪಡೆಯಬಹುದು. ನೋಂದಣಿ ಇಲ್ಲದವರಿಗೆ, ಕಾಂಪೊಸಿಷನ್‌ನಲ್ಲಿ (ಸಣ್ಣ ವ್ಯಾಪಾರಿಗಳ ಸರಳ ತೆರಿಗೆ ಯೋಜನೆ) ಇರುವವರಿಗೆ ಅದು ಖರ್ಚೇ. ಹಾಗಾಗಿ 15 ಸಾವಿರ ಅಂದರೆ ನಿಮ್ಮ ಕೈಗೆ ಸಿಗುವ ಜಾಹೀರಾತು 12,700 ಮಾತ್ರ.

ಕೋರಮಂಗಲ_ಕೋಳಿ

ಅದರ ಮೇಲೆ ಗೂಗಲ್ ಟ್ಯಾಕ್ಸ್ 6% ಬೇರೆ ಇದೆ ಅಲ್ವಾ?

ಲೆಕ್ಕದ_ಮೇಷ್ಟ್ರು

ಇಲ್ಲ. ನೀವು ಹೇಳುತ್ತಿರುವುದು 2016ರಲ್ಲಿ ಬಂದ ಈಕ್ವಲೈಸೇಶನ್ ಲೆವಿ. ಅದು ವಿದೇಶಿ ಕಂಪನಿಗೆ ಕೊಡುವ ಜಾಹೀರಾತು ಹಣದ ಮೇಲೆ ಇತ್ತು. 2025ರ ಏಪ್ರಿಲ್ 1ರಿಂದ ಅದನ್ನೂ ತೆಗೆದಿದ್ದಾರೆ.

ಬಳೆಪೇಟೆ_ಬಸ್ಯ

ಯುಪಿಐ ಅಂದ್ಕೂಡ್ಲೇ ನೆನಪಾಯ್ತು. ಜಾಹೀರಾತು ಕೊಟ್ಟು ವ್ಯಾಪಾರ ಜಾಸ್ತಿ ಮಾಡ್ಕೊಂಡು, ಸ್ಕ್ಯಾನರ್‌ಗೆ ದುಡ್ಡು ಬಿದ್ದು, ಆಮೇಲೆ ತೆರಿಗೆ ಇಲಾಖೆ ನೋಟಿಸ್ ಬರೋದು ಬೇಕಾ? 2025ರ ಜುಲೈನಲ್ಲಿ ಬೆಂಗ್ಳೂರಲ್ಲಿ ಬೇಕರಿ, ಟೀ ಅಂಗಡಿಯವರೆಲ್ಲ ಸ್ಕ್ಯಾನರ್ ಕಿತ್ತಾಕಿ 'ಕ್ಯಾಶ್ ಮಾತ್ರ' ಅಂತ ಬರೆದಿದ್ದು ಮರೆತ್ರಾ?

ಲೆಕ್ಕದ_ಮೇಷ್ಟ್ರು

ನೋಟಿಸ್ ಹೋದದ್ದು ಯುಪಿಐ ಬಳಸಿದ್ದಕ್ಕಲ್ಲ, ವಹಿವಾಟು ಜಿಎಸ್‌ಟಿ ನೋಂದಣಿಯ ಮಿತಿ ದಾಟಿದ್ದು ಕಂಡದ್ದಕ್ಕೆ. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆಗೆ 20 ಲಕ್ಷ. ನಗದು ತಗೊಂಡರೂ ಮಿತಿ ಅದೇ.

ಬಳೆಪೇಟೆ_ಬಸ್ಯ

ಹಾಲು, ತರಕಾರಿ ಮಾರೋರಿಗೂ ಬಂದಿತ್ತಲ್ಲ ಸ್ವಾಮಿ, ಅವಕ್ಕೆ ತೆರಿಗೆನೇ ಇಲ್ಲ. ಕಾನೂನು ಪುಸ್ತಕ ಓದಿ ಹೇಳೋದು ಸುಲಭ, ಕೌಂಟರ್‌ನಲ್ಲಿ ಕೂತೋನಿಗೆ ಗೊತ್ತು.

ಲೆಕ್ಕದ_ಮೇಷ್ಟ್ರು

ಆ ಮಾತು ಒಪ್ಪುತ್ತೇನೆ. ಆದರೆ ತಿಂಗಳಿಗೆ ಮುನ್ನೂರು ಲೀಟರ್ ಮಾರುವ ಗಾಣದವರಿಗೆ 40 ಲಕ್ಷದ ಭಯ ಹುಟ್ಟಿಸಬೇಡಿ.

ತೋಟದಪುಟ್ಟಿ

ವಿಷಯಕ್ಕೆ ಬನ್ರಪ್ಪಾ 🙏

ಕೋರಮಂಗಲ_ಕೋಳಿ

ಇಷ್ಟೆಲ್ಲ ಯಾಕೆ, ದೊಡ್ಡ ಆನ್‌ಲೈನ್ ಅಂಗಡಿಗಳಲ್ಲೇ ಲಿಸ್ಟ್ ಮಾಡಿ ಅಲ್ಲೇ ಜಾಹೀರಾತು ಹಾಕಿದ್ರೆ ಆಗಲ್ವಾ? ಕೊಳ್ಳೋ ಮನಸ್ಸಿರೋರೇ ಅಲ್ಲಿ ಇರೋದು.

ಲೆಕ್ಕದ_ಮೇಷ್ಟ್ರು

ಆಗಬಹುದು. 2023ರ ಅಕ್ಟೋಬರ್ 1ರಿಂದ ಮಿತಿಯೊಳಗಿನ ಸಣ್ಣ ವ್ಯಾಪಾರಿ ಜಿಎಸ್‌ಟಿ ನೋಂದಣಿ ಇಲ್ಲದೆಯೂ ಎನ್‌ರೋಲ್ಮೆಂಟ್ ಸಂಖ್ಯೆ ಪಡೆದು ಇಂಥ ತಾಣಗಳಲ್ಲಿ ಮಾರಬಹುದು, ರಾಜ್ಯದ ಒಳಗೆ ಮಾತ್ರ. ಹೊರರಾಜ್ಯಕ್ಕೆ ಆಗಲ್ಲ. ಆದರೆ 55 ರೂಪಾಯಿ ಲಾಭದಲ್ಲಿ ಅವರ ಕಮಿಷನ್, ಸಾಗಣೆ, ಜಾಹೀರಾತು ಮೂರೂ ಹೊರಲು ಆಗುತ್ತದೆಯೇ ನೋಡಿ.

ಪೌಷ್ಟಿಕ_ಪದ್ದಕ್ಕ

ನಿಮ್ಮ ಪ್ರೊಫೈಲ್ ಚಿತ್ರದಲ್ಲಿರೋ ಬ್ಯಾನರ್ ದೊಡ್ಡದು ಮಾಡಿ ನೋಡಿದೆ. 'ಹೃದಯಕ್ಕೆ ಹಿತ, ಕೊಲೆಸ್ಟ್ರಾಲ್ ನಿವಾರಕ' ಅಂತ ಬರೆಸಿದ್ದೀರಿ. ದಯವಿಟ್ಟು ತೆಗೀರಿ ಅಣ್ಣ. ಖಾದ್ಯ ತೈಲದ ಜಾಹೀರಾತಿನಲ್ಲಿ, ಲೇಬಲ್‌ನಲ್ಲಿ ಕೊಲೆಸ್ಟ್ರಾಲ್ ವಿರುದ್ಧ ಹೋರಾಡುತ್ತೆ, ಹೃದಯಕ್ಕೆ ಹಿತ ಅನ್ನೋ ಥರದ ಮಾತು ಬಳಸಬಾರದು ಅಂತ ಆಹಾರ ಸುರಕ್ಷತೆ ನೋಡೋ ಕೇಂದ್ರ ಸಂಸ್ಥೆ ಎಫ್‌ಎಸ್‌ಎಸ್‌ಎಐ ನಿಯಮದಲ್ಲೇ ಇದೆ. 'ಡಬಲ್ ರಿಫೈನ್ಡ್' ಅನ್ನೋದೂ ಅದೇ ಪಟ್ಟಿಯಲ್ಲಿದೆ. ಅಲ್ಲದೆ ಕೊಲೆಸ್ಟ್ರಾಲ್ ಇರೋದು ಪ್ರಾಣಿಜನ್ಯ ಕೊಬ್ಬಿನಲ್ಲಿ. ಶೇಂಗಾ ಎಣ್ಣೆಯಲ್ಲಿ ಇಲ್ಲ ಅನ್ನೋದು 'ನಮ್ಮ ನೀರಿನಲ್ಲಿ ಮೂಳೆ ಇಲ್ಲ' ಅಂದ ಹಾಗೆ.

ಎಫ್‌ಎಸ್‌ಎಸ್‌ಎಐನ 14 ಅಂಕಿಯ ಸಂಖ್ಯೆ ಬಾಟಲಿ ಮೇಲೆ ಇದೆ ತಾನೆ?

ಗಾಣದಮನೆ_ದಾವಣಗೆರೆ

ಸಂಖ್ಯೆ ಇದೆ ಅಕ್ಕ. ಬ್ಯಾನರ್ ಫ್ಲೆಕ್ಸ್ ಅಂಗಡಿ ಹುಡುಗನೇ ಬರೆದುಕೊಟ್ಟಿದ್ದು, ಪಕ್ಕದಲ್ಲಿ ಹೃದಯದ ಚಿತ್ರ ಬೇರೆ ಹಾಕಿದಾನೆ. ಇವತ್ತೇ ಇಳಿಸ್ತೀನಿ. ಅದಕ್ಕೆ 900 ಕೊಟ್ಟಿದ್ದೆ 😐

ಚಳ್ಳಕೆರೆ_ಚನ್ನ

ನಮ್ಮೂರನ್ನೇ ಎಣ್ಣೆ ನಗರಿ ಅಂತಿದ್ರು. ಒಂದು ಕಾಲಕ್ಕೆ ಊರು ತುಂಬ ಎಣ್ಣೆ ಮಿಲ್ಲು. ಆಗ ಜಾಹೀರಾತು ಅಂದ್ರೆ ಮಿಲ್ ಮುಂದೆ ಹೋದ್ರೆ ಬರೋ ವಾಸನೆ ಅಷ್ಟೆ. ಈಗಲೂ ಅಷ್ಟೇ ಸಾಕು ಅಂತ ನನ್ನ ಅಭಿಪ್ರಾಯ. ಸಂಜೆ ಐದಕ್ಕೆ ಗಾಣ ಹಾಕಿ, ಬಾಗಿಲು ತೆಗೆದಿಡಿ. ಮನೆಗೆ ಹೋಗೋ ಮಂದಿ ನಿಂತೇ ನಿಲ್ತಾರೆ.

ಗಾಣದಮನೆ_ದಾವಣಗೆರೆ

@ಚಳ್ಳಕೆರೆ_ಚನ್ನ ಇದು ನನಗೆ ಹೊಳೆದೇ ಇರಲಿಲ್ಲ. ನಾವು ಬೆಳಿಗ್ಗೆ ಆರಕ್ಕೇ ಆಡಿಸಿ ಮುಗಿಸ್ತೀವಿ.

ನಿಟ್ಟುವಳ್ಳಿ_ನಾಗಿ

ನಾನು ದಾವಣಗೆರೆಯವಳೇ, ನಿಮ್ಮ ಅಂಗಡಿ ಇದೆ ಅಂತ ಇವತ್ತೇ ಗೊತ್ತಾಗಿದ್ದು! ನಮ್ಮ ಓಣಿ ಹೆಣ್ಮಕ್ಕಳ ವಾಟ್ಸಾಪ್ ಗುಂಪಲ್ಲಿ 140 ಜನ ಇದೀವಿ. ರೊಟ್ಟಿ ಎಲ್ಲಿ ಚೆನ್ನಾಗಿ ಸಿಗುತ್ತೆ, ಬ್ಲೌಸ್ ಯಾರು ಹೊಲೀತಾರೆ, ಎಲ್ಲ ಅಲ್ಲೇ ತೀರ್ಮಾನ. ಯೂಟ್ಯೂಬ್ ಹುಡುಗನಿಗೆ ಎಂಟು ಸಾವಿರ ಕೊಡೋ ಬದಲು ಅಂಥ ಗುಂಪಿನಲ್ಲಿ ಒಬ್ಬೊಬ್ಬರಿಗೆ ಕಾಲು ಲೀಟರ್ ಕೊಟ್ಟು ನೋಡಿ. ಚೆನ್ನಾಗಿದ್ರೆ ನಾವೇ ಡಂಗುರ ಸಾರ್ತೀವಿ. ಚೆನ್ನಾಗಿಲ್ಲ ಅಂದ್ರೂ ಸಾರ್ತೀವಿ 😁

ಕೋರಮಂಗಲ_ಕೋಳಿ

ಯೂಟ್ಯೂಬ್‌ನವರನ್ನ ಅಷ್ಟು ಕೀಳಾಗಿ ನೋಡ್ಬೇಡಿ. ನಮ್ಮ ಏರಿಯಾ ಇಡ್ಲಿ ಅಂಗಡಿಗೆ ಒಂದು ವಿಡಿಯೋದಿಂದ ಕ್ಯೂ ನಿಂತಿತ್ತು.

ನಿಟ್ಟುವಳ್ಳಿ_ನಾಗಿ

ಎಷ್ಟು ದಿನ ನಿಂತಿತ್ತು?

ಕೋರಮಂಗಲ_ಕೋಳಿ

ಮೂರು ವಾರ. ಆಮೇಲೆ ಮಾಮೂಲಿ ಗಿರಾಕಿಗಳೂ ರಶ್ ಅಂತ ಬಿಟ್ಟುಹೋದ್ರು, ಅದು ಬೇರೆ ಕಥೆ.

ಜಾಹೀರಾತು_ಜೀತಗಾರ

ದುಡ್ಡು ಕೊಟ್ಟು ಮಾಡಿಸಿದ ವಿಡಿಯೋ ಆದ್ರೆ ಅದು ಜಾಹೀರಾತು ಅಂತ ಅದರಲ್ಲೇ ತೋರಿಸಬೇಕು, ಜಾಹೀರಾತು ಉದ್ಯಮದವರದ್ದೇ ನಿಯಂತ್ರಣ ಸಂಸ್ಥೆ ಎಎಸ್‌ಸಿಐ 2021ರಲ್ಲೇ ಮಾರ್ಗಸೂಚಿ ಕೊಟ್ಟಿದೆ. ಆ ಹುಡುಗನಿಗೆ ಮೊದಲೇ ಹೇಳಿ. ಅವನ ಚಾನೆಲ್ ನೋಡುಗರಲ್ಲಿ ದಾವಣಗೆರೆಯವರು ಎಷ್ಟು ಅಂತಾನೂ ಕೇಳಿ, ಅವನ ಖಾತೆಯಲ್ಲಿ ಊರುವಾರು ಲೆಕ್ಕ ಕಾಣುತ್ತೆ. ತೋರಿಸಲ್ಲ ಅಂದ್ರೆ ಕೈಮುಗೀರಿ.

ಇನ್ನೊಂದು. ಬೇರೆ ಗಾಣದವರು ಏನು ಜಾಹೀರಾತು ಹಾಕ್ತಿದಾರೆ ಅಂತ ಮೆಟಾ ಆ್ಯಡ್ ಲೈಬ್ರರಿಯಲ್ಲಿ ಯಾರು ಬೇಕಾದ್ರೂ ನೋಡಬಹುದು, ಉಚಿತ. ತಿಂಗಳುಗಟ್ಟಲೆ ಒಂದೇ ಜಾಹೀರಾತು ಓಡ್ತಿದೆ ಅಂದ್ರೆ ಅದು ಅವರಿಗೆ ದುಡಿದು ಕೊಡ್ತಿದೆ ಅಂತ ಅಂದಾಜು.

ಮಂಡ್ಯದ್_ಗಂಡು

ವಾಟ್ಸಾಪ್ ಬ್ರಾಡ್‌ಕಾಸ್ಟ್ ಮಾಡಿ, ಫ್ರೀ. ಒಂದೇ ಸಲ ಎಲ್ಲರಿಗೂ ಹೋಗುತ್ತೆ.

ಸುಮಾ_ಬಂಟ್ವಾಳ

ಎಲ್ಲರಿಗೂ ಹೋಗುವುದಿಲ್ಲ. ಒಂದು ಪಟ್ಟಿಯಲ್ಲಿ 256 ಜನ, ಅದರಲ್ಲೂ ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ. ನಾನು ಆರು ತಿಂಗಳು 'ಯಾರೂ ಉತ್ತರ ಕೊಡುವುದಿಲ್ಲ' ಅಂತ ಬೇಜಾರು ಮಾಡಿಕೊಂಡದ್ದು, ನೋಡಿದರೆ ಯಾರಿಗೂ ಮುಟ್ಟಿರಲೇ ಇಲ್ಲ. ಈಗ ಪ್ಯಾಕೆಟ್ ಒಳಗೆ ಚೀಟಿ ಇಡ್ತೇನೆ, 'ಈ ನಂಬರ್ ಹಪ್ಪಳ ಸುಮಾ ಅಂತ ಸೇವ್ ಮಾಡಿ' ಅಂತ.

ಬ್ಯಾಟರಿಅಂಗಡಿ_ಶಿವಮೊಗ್ಗ

ಹಾಂ, ಒಂದು ಎಚ್ಚರಿಕೆ ಮರೆತಿದ್ದೆ. ಪ್ರೊಫೈಲ್ ನಿಮ್ಮ ಹೆಸರಿಗೆ ಆದ ವಾರದಲ್ಲೇ 'ಗೂಗಲ್‌ನಿಂದ ಮಾತಾಡ್ತಿದೀವಿ, ಲಿಸ್ಟಿಂಗ್ ರದ್ದಾಗುತ್ತೆ, 2,999 ಕಟ್ಟಿ' ಅಂತ ಫೋನ್ ಬರುತ್ತೆ. ಅದಕ್ಕೆ ಗೂಗಲ್ ದುಡ್ಡು ತಗೊಳ್ಳೋದೇ ಇಲ್ಲ. ಓಟಿಪಿ ಹೇಳಿದ್ರೋ, ಅಂಗಡಿ ಬೇರೆಯವರ ಪಾಲು.

ಗಾಣದಮನೆ_ದಾವಣಗೆರೆ

(ಇಪ್ಪತ್ತು ದಿನ ಆಯ್ತು, ಹೇಳಿದ ಹಾಗೆ ಲೆಕ್ಕ ಕೊಡ್ತಿದೀನಿ.)

ಡೈರೆಕ್ಟರಿಯವರಿಗೆ ಬೇಡ ಅಂದೆ. ಯೂಟ್ಯೂಬ್ ಹುಡುಗ ಊರುವಾರು ಲೆಕ್ಕ ಕೇಳಿದ ಮೇಲೆ ಫೋನೇ ಎತ್ತಿಲ್ಲ. ಮ್ಯಾಪ್ ಪ್ರೊಫೈಲ್ ನನ್ನ ಹೆಸರಿಗೆ ಆಯ್ತು, ಮೊದಲ ವಿಡಿಯೋ ತಿರಸ್ಕಾರ ಆಯ್ತು (ಬೋರ್ಡ್ ಮೇಲೆ ಬಿಸಿಲು ಹೊಡೆದು ಹೆಸರು ಕಾಣ್ತಿರಲಿಲ್ಲ), ಎರಡನೇದು ಪಾಸು. 17 ರಿವ್ಯೂ ಬಂದಿವೆ. ಗಾಣ ಸಂಜೆ ಐದಕ್ಕೆ ಬದಲಾಯಿಸಿದೆ.

ಗೂಗಲ್ ಸರ್ಚ್‌ಗೆ 3,000 ಕಟ್ಟಿದೆ, ಖಾತೆಗೆ 2,542 ಬಂತು. ಇಲ್ಲಿವರೆಗೆ 1,860 ಖರ್ಚು, 143 ಕ್ಲಿಕ್. ಅಂದ್ರೆ ಕ್ಲಿಕ್‌ಗೆ 13 ರೂಪಾಯಿ.

ಹೆಂಡತಿ ಒಂದು ನೋಟ್‌ಬುಕ್ ಇಟ್ಟಿದಾಳೆ. ಹೊಸ ಮುಖ ಬಂದ್ರೆ 'ಹೆಂಗ್ ಗೊತ್ತಾತು ನಮ್ಮಂಗಡಿ' ಅಂತ ಕೇಳಿ ಗೆರೆ ಹಾಕ್ತಾಳೆ. ಮ್ಯಾಪ್ ನೋಡಿ ಬಂದೋರು 19. ಯಾರೋ ಹೇಳಿ ಬಂದೋರು 14 (ಅದರಲ್ಲಿ ನಾಗಿ ಅವರ ಓಣಿಯವರೇ 9, ಕೈಮುಗೀತೀನಿ ತಾಯಿ). ವಾಸನೆ, ಬೋರ್ಡು ನೋಡಿ ಬಂದೋರು 11. ಗೂಗಲ್ ಜಾಹೀರಾತು 8. ಹಳೇ ರೀಲ್ ನೋಡಿ 2.

ಲೆಕ್ಕದ_ಮೇಷ್ಟ್ರು

1,860 ಭಾಗಿಸು 8, ತಲೆಗೆ 232. ತೆರಿಗೆ ಸೇರಿಸಿದರೆ 274. ಮಿತಿಯೊಳಗೆ ಇದೆ, ಆದರೆ ಅಂಚಿನಲ್ಲಿ.

ಜಾಹೀರಾತು_ಜೀತಗಾರ

ಮೇಷ್ಟ್ರೇ, ಮ್ಯಾಪ್ ಅಂದ 19ರಲ್ಲಿ ಕೆಲವರಾದ್ರೂ ಮೊದಲು ಜಾಹೀರಾತು ನೋಡಿ ಆಮೇಲೆ ದಾರಿ ಹುಡುಕಿರ್ತಾರೆ. ಗಿರಾಕಿಗೆ ಆ ವ್ಯತ್ಯಾಸ ಗೊತ್ತಿರಲ್ಲ.

ಬ್ಯಾಟರಿಅಂಗಡಿ_ಶಿವಮೊಗ್ಗ

ಉಲ್ಟಾನೂ ಇರಬಹುದಲ್ಲ. ಮ್ಯಾಪ್‌ನಲ್ಲಿ ಬಿಟ್ಟಿಯಾಗಿ ಸಿಗ್ತಿದ್ದವರೇ ಮೇಲಿರೋ ಜಾಹೀರಾತು ಒತ್ತಿ ನಿಮ್ಮ 13 ರೂಪಾಯಿ ತಿಂದಿರಬಹುದು. ಒಂದು ವಾರ ಜಾಹೀರಾತು ನಿಲ್ಲಿಸಿ ನೋಟ್‌ಬುಕ್ ನೋಡಿ, ಗೊತ್ತಾಗುತ್ತೆ.

ಜಾಹೀರಾತು_ಜೀತಗಾರ

ನಮ್ಮ ಹೊಟ್ಟೆ ಮೇಲೆ ಹೊಡೀಬೇಡಿ ಅಣ್ಣ. ಆದ್ರೂ... ಸರಿಯಾದ ಪರೀಕ್ಷೆ ಅದೇ. ನಿಲ್ಲಿಸೋ ಮೊದಲು ಸರ್ಚ್ ಪದಗಳ ವರದಿ ತೆಗೆದು ನೋಡಿ, ಯಾವ ಪದಕ್ಕೆ ದುಡ್ಡು ಹೋಗ್ತಿದೆ ಅಂತ.

ಗಾಣದಮನೆ_ದಾವಣಗೆರೆ

ನೋಡಿದೆ ಸರ್. 143ರಲ್ಲಿ 31 ಕ್ಲಿಕ್ 'ಶೇಂಗಾ ಹಿಂಡಿ'ಗೆ ಹೋಗಿದೆ. ದನಕ್ಕೆ ಹಾಕೋ ಹಿಂಡಿನೂ ಮಾರ್ತೀವಲ್ಲ ಅಂತ ಆ ಪದಾನೂ ನಾನೇ ಸೇರಿಸಿದ್ದೆ. ಫೋನ್ ಮಾಡಿದೋರೆಲ್ಲ 'ಕಾಲು ಕೆಜಿ ಸಾಕು' ಅಂತಾರೆ. ಕಾಲು ಕೆಜಿ ಯಾವ ದನಕ್ಕೆ ಸಾಕಾಗುತ್ತೆ ಅಂತ ನಂಗೆ ಅರ್ಥನೇ ಆಗ್ತಿರಲಿಲ್ಲ.

ಹುಬ್ಳಿ_ಸಾವ್ಕಾರ

ಅಯ್ಯ ನಮ್ಮಪ್ಪಾ!! 😂😂 ಅದು ದನದ್ದಲ್ರೀ, ಚಟ್ನಿಪುಡಿ! ನಮ್ಮ ಕಡಿ ಶೇಂಗಾ ಹಿಂಡಿ ಅಂದ್ರ ಖಾರ, ಬಳ್ಳೊಳ್ಳಿ ಹಾಕಿ ಕುಟ್ಟಿದ್ದು. ಬಿಸಿ ರೊಟ್ಟಿ, ಮ್ಯಾಲ ಹಿಂಡಿ, ಮೊಸರು. ಪಾಪ ಆ ಮಂದಿಗೆ ನೀವು ಹಿಂಡಿ ಚೀಲ ತೋರ್ಸಿದ್ರಿ ಏನು?

ನಿಟ್ಟುವಳ್ಳಿ_ನಾಗಿ

ದಾವಣಗೆರೆಯಲ್ಲಿದ್ದೂ ಇದು ಗೊತ್ತಿಲ್ವಾ ಅಣ್ಣ?

ಗಾಣದಮನೆ_ದಾವಣಗೆರೆ

ನಾವು ಮೂಲ ಹೊಳಲ್ಕೆರೆ ಕಡೆಯೋರು, ಮನೇಲಿ ಚಟ್ನಿಪುಡಿ ಅಂತಲೇ ಅಂತೀವಿ. ಒಬ್ಬಮ್ಮಂಗೆ 'ಐವತ್ತು ಕೆಜಿ ಚೀಲ ಇದೆ, ಹಸು ಎಷ್ಟಿವೆ' ಅಂತ ಕೇಳಿಬಿಟ್ಟಿದೀನಿ. ಆಯಮ್ಮ ಫೋನ್ ಇಟ್ಲು.

ಜಾಹೀರಾತು_ಜೀತಗಾರ

31 × 13 = 403 ರೂಪಾಯಿ. ಆ ಪದ ಈಗಲೇ ಬೇಡದ ಪಟ್ಟಿಗೆ ಹಾಕಿ.

ಗಾಣದಮನೆ_ದಾವಣಗೆರೆ

ಹಾಕೋಕೆ ಹೊರಟಿದ್ದೆ ಸರ್, ಹೆಂಡತಿ ಬೇಡ ಅಂದ್ಲು. ನಿನ್ನೆ ರಾತ್ರಿ ಎರಡು ಕೆಜಿ ಶೇಂಗಾ ಹುರಿದು ಕುಟ್ಟಿದಾಳೆ, ಇವತ್ತು ಕೌಂಟರ್ ಮೇಲೆ ಕಾಲು ಕೆಜಿ ಪ್ಯಾಕೆಟ್ ಎಂಟು ಇಟ್ಟಿದೀವಿ.

ಹುಬ್ಳಿ_ಸಾವ್ಕಾರ

ಬಳ್ಳೊಳ್ಳಿ ಹಾಕ್ಯಾರಿಲ್ಲೋ ಕೇಳ್ರಿ ಮೊದ್ಲ. ಹಾಕಿದ್ರ ನಂಗೂ ಎರಡು ಪ್ಯಾಕೆಟ್, ಶುಕ್ರವಾರ ದಾವಣಗೆರಿಗೆ ಬರಾವ ಅದೀನಿ.